ದಿಲ್ಲಿಯ ಪೇಟೆಯಲ್ಲಿ ಮಲೆನಾಡಿನ ವಿರಳ ಕಾಫಿ

ಹೊಸ ದಿಲ್ಲಿಯ ಬಾಬಾ ಖಡಕ್ ಸಿಂಗ್ ಮಾರ್ಗದಲ್ಲಿ ಮೋಹನ್ ಸಿಂಗ್ ಪ್ಲೇಸ್ ಎಂಬ ಕಟ್ಟಡವಿದೆ. ಅದರ ಮೇಲಂತಸ್ತಿನಲ್ಲಿ ಕಾಫಿ ಕಾರ್ಮಿಕರ ಸಹಕಾರ ಸಂಘದ ಇಂಡಿಯನ್ ಕಾಫಿ ಹೌಸ್ ದಶಕಗಳಿಂದ ನಡೆದು ಬಂದಿದೆ. ಅಲ್ಲಿಯ ಕಾಫಿಗೆ ತೋಟದ ಹೆಸರಿಲ್ಲ, ಬೆಟ್ಟದ ಹೆಸರಿಲ್ಲ, ಕೊಯ್ಲಿನ ವರ್ಷವಿಲ್ಲ. ಅದು ಬರಿಯ ಕಾಫಿ. ಅಗ್ಗವಾಗಿರುವುದೇ ಅದರ ಪ್ರತಿಷ್ಠೆ. ಅದೇ ನಗರದ ದಕ್ಷಿಣ ಭಾಗದಲ್ಲಿ, ಸಾಕೇತದ ನೆರೆಯ ಸೈದುಲಾಜಾಬ್ ಮೊದಲಾದ ಕಡೆಗಳಲ್ಲಿ, ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಬೇರೊಂದು ಬಗೆಯ ಅಂಗಡಿ ತಲೆಯೆತ್ತಿದೆ. ಅಲ್ಲಿಯ ಪೊಟ್ಟಣದ ಮೇಲೆ ಬಿಳಿಗಿರಿರಂಗನ ಬೆಟ್ಟದ ಅತ್ತಿಕಾನ್ ಎಂದೋ ಸಕಲೇಶಪುರದ ಬಳಿಯ ರತ್ನಗಿರಿ ಎಂದೋ ತೋಟದ ಹೆಸರಿರುತ್ತದೆ. ಗಿಡದ ತಳಿ, ನೆಲದ ಎತ್ತರ, ಹಣ್ಣನ್ನು ಹದಮಾಡಿದ ಕ್ರಮ, ಬೀಜವನ್ನು ಹುರಿದ ತಾರೀಖು, ಇವೂ ಅಚ್ಚಾಗಿರುತ್ತವೆ. ಬೆಲೆ ಹಲವು ಪಾಲು ಹೆಚ್ಚು. ಎರಡೂ ಬಟ್ಟಲುಗಳಲ್ಲಿರುವುದು ದಕ್ಷಿಣದ ಬೆಟ್ಟಗಳ ಕಾಫಿಯೇ. ಹಾಗಾದರೆ ಈ ಅಂತರ ಎಲ್ಲಿ ಹುಟ್ಟಿತು, ಅದರಲ್ಲಿ ಬೆಟ್ಟಕ್ಕೆ ಮರಳುವ ಪಾಲೆಷ್ಟು ಎಂಬುದು ವಿಚಾರಣೀಯವಾದ ವಿಷಯ.

ವಿರಳವೆಂಬ ಮಾತನ್ನು ಮೊದಲು ಬಿಡಿಸಿ ನೋಡಬೇಕು. ವಜ್ರ ವಿರಳ, ಕಸ್ತೂರಿ ವಿರಳ. ಅವುಗಳ ವಿರಳತೆ ಪ್ರಕೃತಿದತ್ತವಾದದ್ದು. ಕಾಫಿಯ ವಿಷಯದಲ್ಲಿ ಹಾಗಿಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ನು ಕಾಫಿ ಬೆಳೆಯುತ್ತದೆ. ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳದು. ಇಷ್ಟು ಸಮೃದ್ಧವಾದ ಸರಕಿನೊಳಗಿಂದ ವಿರಳವಾದದ್ದೊಂದನ್ನು ತೆಗೆಯುವುದು ಮನುಷ್ಯಕೃತ್ಯ. ಒಂದು ಇಳಿಜಾರಿನ ಗಿಡಗಳನ್ನು ಬೇರೆಯಾಗಿ ಕೊಯ್ಯಬೇಕು; ಕೆಂಪಗೆ ಪಕ್ವವಾದ ಹಣ್ಣನ್ನಷ್ಟೇ ಬಿಡಿಸಬೇಕು; ಬೇರೆ ತೊಟ್ಟಿಯಲ್ಲಿ ಹುಳಿಯಿಸಿ ಬೇರೆ ಕಣದಲ್ಲಿ ಒಣಗಿಸಿ ಬೇರೆ ಚೀಲದಲ್ಲಿ ತುಂಬಿ, ಕ್ಯೂರಿಂಗ್ ವರ್ಕ್ಸಿನಲ್ಲಿ ಇತರ ಸರಕಿನೊಡನೆ ಬೆರೆಯದಂತೆ ಕಾಯಬೇಕು. ಈ ಪ್ರತ್ಯೇಕತೆ ಎಲ್ಲಿಯಾದರೂ ಒಂದು ಕಡೆ ಮುರಿದರೆ ವಿರಳ ಕಾಫಿ ಆ ಕ್ಷಣವೇ ಸಾಧಾರಣ ಕಾಫಿಯಾಗುತ್ತದೆ. ಕೊಳ್ಳುವವನು ಹೆಚ್ಚಿಗೆ ಕೊಡುವ ಹಣ ಬಹುಪಾಲು ಈ ಬೇರ್ಪಡಿಸುವಿಕೆಯ ಬೆಲೆ, ಮತ್ತು ಬೇರ್ಪಟ್ಟದ್ದಕ್ಕೆ ಅಂಟಿಕೊಂಡ ಹೆಸರಿನ ಬೆಲೆ.

ಇಂಥ ಕಾಫಿಗೆ ಸ್ಪೆಷಾಲಿಟಿ ಕಾಫಿ ಎಂಬ ಹೆಸರನ್ನು ೧೯೭೪ರಲ್ಲಿ ಬಳಕೆಗೆ ತಂದವಳು ಸಾನ್ ಫ್ರಾನ್ಸಿಸ್ಕೋ ನಗರದ ವ್ಯಾಪಾರಿ ಎರ್ನಾ ಕ್ನುಟ್ಸೆನ್. ದೊಡ್ಡ ಹುರಿಯುವ ಕಂಪನಿಗಳು ಕೊಳ್ಳಲಾರದಷ್ಟು ಸಣ್ಣ ಸಣ್ಣ ರಾಶಿಗಳನ್ನು ಆರಿಸಿ ಮಾರುವುದು ಆಕೆಯ ಉದ್ಯೋಗ. ಅನಂತರ ರುಚಿನೋಡುವ ಪಂಡಿತರು ನೂರು ಅಂಕಗಳ ಮಾನವೊಂದನ್ನು ರೂಢಿಸಿದರು. ಎಂಬತ್ತನ್ನು ಮುಟ್ಟಿದ ಕಾಫಿ ಈ ಪಂಕ್ತಿಗೆ ಸೇರಿತು. ನಾಲಗೆಯ ಅನುಭವವನ್ನು ಅಂಕಿಗೆ ಇಳಿಸುವುದು ಎಷ್ಟರಮಟ್ಟಿಗೆ ಸಾಧುವೆಂಬ ಪ್ರಶ್ನೆ ಇದ್ದೇ ಇದೆ. ಆದರೆ ವ್ಯಾಪಾರಕ್ಕೆ ಅಂಕಿ ಬೇಕು. ಸಾವಿರಾರು ಮೈಲಿ ದೂರದ ಇಬ್ಬರು ಒಂದು ಚೀಲದ ವಿಚಾರವಾಗಿ ಮಾತನಾಡಬೇಕಾದರೆ ಇಬ್ಬರಿಗೂ ತಿಳಿಯುವ ಭಾಷೆಯೊಂದು ಬೇಕಾಗುತ್ತದೆ.

ತೋಟದ ಹೆಸರಿಗೆ ಬೆಲೆ ಬರುವುದು ಕನ್ನಡನಾಡಿಗೆ ಹೊಸತಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರಿನ ಸೀಮೆಯಲ್ಲಿ ತೋಟ ಹಾಕಿದ ಕ್ಯಾನನ್ ಎಂಬ ಆಂಗ್ಲ ಬೆಳೆಗಾರನ ಕಾಫಿ 'ಕ್ಯಾನನ್ಸ್ ಮೈಸೂರು' ಎಂಬ ಗುರುತಿನಿಂದ ಲಂಡನ್ನಿನ ಪೇಟೆಯಲ್ಲಿ ಪ್ರಸಿದ್ಧವಾಗಿ ಮೇಲಾದ ಧಾರಣೆಗೆ ಮಾರಾಟವಾಗುತ್ತಿತ್ತು. ಮಂಗಳೂರಿನ ಬಂದರಿನಿಂದ ಹಡಗನ್ನೇರುತ್ತಿದ್ದ ಚೀಲಗಳ ಮೇಲಣ ಗುರುತನ್ನು ನೋಡಿಯೇ ಆ ಪೇಟೆಯ ದಳ್ಳಾಳಿಗಳು ಬೆಲೆ ಕೂಗುತ್ತಿದ್ದ ಕಾಲವದು. ಈ ಗುರುತುಗಳು ಮರೆಯಾದುದಕ್ಕೆ ಮುಖ್ಯ ಕಾರಣ ಎರಡನೆಯ ಮಹಾಯುದ್ಧ.

ಯುದ್ಧದಿಂದ ಯೂರೋಪಿನ ಪೇಟೆ ಮುಚ್ಚಿಹೋಗಿ ಬೆಳೆಗಾರರು ದಿಕ್ಕುಗೆಟ್ಟಾಗ ಸರ್ಕಾರ ಅವರ ನೆರವಿಗೆ ಬಂದಿತು. ೧೯೪೨ರ ಕಾಫಿ ಕಾನೂನಿನ ಮೂಲಕ ಕಾಫಿ ಮಂಡಲಿಗೆ ಅಧಿಕಾರ ದೊರೆತು, ಪೂಲ್ ಎಂಬ ಸಾಮೂಹಿಕ ಸಂಗ್ರಹಪದ್ಧತಿ ನೆಲೆಗೊಂಡಿತು. ಮನೆಯ ಖರ್ಚಿಗೂ ಬಿತ್ತನೆಗೂ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಫಸಲನ್ನೆಲ್ಲ ಬೆಳೆಗಾರ ಮಂಡಲಿಗೆ ಒಪ್ಪಿಸಬೇಕು. ಮಂಡಲಿ ಅದನ್ನು ದರ್ಜೆಗಳಾಗಿ ವಿಂಗಡಿಸಿ ಹರಾಜು ಹಾಕುವುದು. ಬಂದ ಹಣವನ್ನು ಅಂಶಗಳ ಲೆಕ್ಕದಲ್ಲಿ ಕಂತುಕಂತಾಗಿ ಹಂಚುವುದು. ಕೊನೆಯ ಕಂತು ಕೈಸೇರುವ ಹೊತ್ತಿಗೆ ಮುಂದಿನ ಫಸಲು, ಕೆಲವೊಮ್ಮೆ ಅದರ ಮುಂದಿನದೂ, ಮುಗಿದಿರುತ್ತಿದ್ದುದುಂಟು. ಈ ವ್ಯವಸ್ಥೆಯನ್ನು ಹಳಿಯುವುದು ಈಗ ಸುಲಭ. ಆದರೆ ಆ ದುರ್ದಿನಗಳಲ್ಲಿ ಅನೇಕ ಸಣ್ಣ ತೋಟಗಳನ್ನು ಉಳಿಸಿದ್ದು ಅದೇ ಎಂಬುದನ್ನು ಮರೆಯಲಾಗದು. ಅದರ ಆರ್ಥಿಕ ಪರಿಣಾಮವೊಂದನ್ನು ಮಾತ್ರ ಇಲ್ಲಿ ಗಮನಿಸಬೇಕು. ದರ್ಜೆಗೆ ಬೆಲೆಯಿತ್ತು, ಹೆಸರಿಗೆ ಬಹುಮಟ್ಟಿಗೆ ಇರಲಿಲ್ಲ. ನೆರೆಯವನಿಗಿಂತ ಎರಡು ಪಾಲು ಶ್ರಮಪಟ್ಟು ಹಣ್ಣನ್ನು ಹದಮಾಡಿದವನ ಕಾಫಿಯೂ ಅದೇ ದರ್ಜೆಯ ರಾಶಿಗೆ ಬಿದ್ದು ಅದರಲ್ಲಿ ಕರಗಿಹೋಗುತ್ತಿತ್ತು. ಹೆಚ್ಚಿನ ಶ್ರಮಕ್ಕೆ ಹೆಚ್ಚಿನ ಪ್ರತಿಫಲವಿಲ್ಲದೆಡೆ ಆ ಶ್ರಮ ಬಹುಕಾಲ ನಿಲ್ಲುವುದಿಲ್ಲ.

ಕಾಫಿ ಹೌಸು ಈ ಯುಗದ ಕೂಸು. ದೇಶದೊಳಗೆ ಕಾಫಿ ಕುಡಿಯುವವರನ್ನು ಬೆಳೆಸಬೇಕೆಂದು ಕಾಫಿ ಸೆಸ್ ಸಮಿತಿಯೂ ಅನಂತರ ಮಂಡಲಿಯೂ ಊರೂರುಗಳಲ್ಲಿ ಕಾಫಿ ಹೌಸುಗಳನ್ನು ತೆರೆದಿದ್ದವು. ಐವತ್ತರ ದಶಕದ ನಡುವಿನಲ್ಲಿ ಮಂಡಲಿ ಅವನ್ನು ಮುಚ್ಚಲು ತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ೧೯೫೭ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಮೊದಲ ಸಂಘವೂ ಅದೇ ವರ್ಷ ದಿಲ್ಲಿಯಲ್ಲಿ ಕಾಫಿ ಹೌಸೂ ಆರಂಭವಾದುವು. ದಿಲ್ಲಿಯ ಕಾಫಿ ಹೌಸು ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೬ರಲ್ಲಿ, ತನ್ನ ಹಳೆಯ ನೆಲೆಯನ್ನು ಕಳೆದುಕೊಂಡು ಮೋಹನ್ ಸಿಂಗ್ ಪ್ಲೇಸಿನಲ್ಲಿ ನೆಲಸಿತು. ಹರಟೆಗೂ ರಾಜಕೀಯಕ್ಕೂ ಅದು ಹೆಸರಾಯಿತು. ಕಾಫಿಯ ಬೀಜ ಯಾವ ತೋಟದ್ದೆಂದು ಅಲ್ಲಿ ಯಾರೂ ಕೇಳಲಿಲ್ಲ, ಕೇಳಿದರೆ ಹೇಳಬಲ್ಲವರೂ ಇರಲಿಲ್ಲ. ಮನೆಯಲ್ಲಿ ಕಾಫಿ ಮಾಡುವ ದಾಕ್ಷಿಣಾತ್ಯರಿಗೆ ಲೋದಿ ಕಾಲೊನಿಯ ಖನ್ನಾ ಮಾರ್ಕೆಟ್ಟಿನ ದೇವನ್ಸ್‌ನಂಥ ಅಂಗಡಿಗಳಿದ್ದುವು. ಪ್ಲಾಂಟೇಷನ್, ಪೀಬೆರ್ರಿ ಎಂಬ ದರ್ಜೆಗಳ ಹೆಸರಿನಲ್ಲಿ, ಚಿಕೋರಿ ಬೆರೆಸಿಯೋ ಬೆರೆಸದೆಯೋ ಪುಡಿ ಸಿಕ್ಕುತ್ತಿತ್ತು. ಈ ಚಿಕೋರಿ ಬೆಳೆಯುವುದು ಗುಜರಾತಿನಲ್ಲಿ ಮತ್ತು ಉತ್ತರಪ್ರದೇಶದ ಏಟಾದ ಕಡೆಯಲ್ಲಿ. ದಿಲ್ಲಿಗೆ ಕಾಫಿ ಎರಡು ಸಾವಿರ ಕಿಲೋಮೀಟರಿನಿಂದ ಬರಬೇಕಾದರೆ ಅದರ ಜೊತೆಗಾರ ಮಗ್ಗುಲಲ್ಲೇ ಇದ್ದಾನೆ.

ಪೂಲ್ ಪದ್ಧತಿ ೧೯೯೨-೯೩ರಿಂದ ಹಂತಹಂತವಾಗಿ ಸಡಿಲಗೊಂಡು ೧೯೯೬ರಲ್ಲಿ ಕೊನೆಗೊಂಡಿತು. ಬೆಳೆಗಾರನಿಗೆ ತನ್ನ ಫಸಲನ್ನು ತಾನೇ, ತನ್ನ ಹೆಸರಿನಲ್ಲೇ ಮಾರುವ ಹಕ್ಕು ಐದು ದಶಕಗಳ ಮೇಲೆ ಮರಳಿತು. ಹಕ್ಕು ಬಂದೊಡನೆ ಕೊಳ್ಳುವವನು ಬರಲಿಲ್ಲ. ಕಾಫಿ ಮಂಡಲಿ ೨೦೦೨ರಲ್ಲಿ ಫ್ಲೇವರ್ ಆಫ್ ಇಂಡಿಯಾ ಎಂಬ ರುಚಿಸ್ಪರ್ಧೆಯನ್ನು ಆರಂಭಿಸಿ ಉತ್ತಮ ತೋಟಗಳನ್ನು ಹೊರದೇಶದ ವರ್ತಕರ ಕಣ್ಣಿಗೆ ಬೀಳುವಂತೆ ಮಾಡಿತು. ದೇಶದೊಳಗಣ ಗಿರಾಕಿ ಎಚ್ಚತ್ತದ್ದು ಅದಕ್ಕೂ ತಡವಾಗಿ. ೨೦೧೩ರಲ್ಲಿ ದಿಲ್ಲಿಯಲ್ಲಿ ಆರಂಭವಾದ ಬ್ಲೂ ಟೊಕಾಯ್ ಎಂಬ ಕಾಫಿ ಹುರಿಯುವ ಸಂಸ್ಥೆ ಈ ಬದಲಾವಣೆಗೆ ಸ್ಪಷ್ಟವಾದ ನಿದರ್ಶನ. ಚಹಾ ಕುಡಿಯುವ ಉತ್ತರದ ನಗರವೊಂದರಲ್ಲಿ ಕರ್ನಾಟಕದ ತೋಟಗಳ ಹೆಸರನ್ನು ಪೊಟ್ಟಣದ ಮೇಲೆ ಅಚ್ಚುಮಾಡಿ ಮಾರುವ ಸಾಹಸವದು. ಆ ಹೆಸರಿನಲ್ಲಿರುವ 'ತೋಕೈ' ತಮಿಳಿನಲ್ಲಿ ನವಿಲಿನ ಗರಿಗೊಂಚಲು. ಬಾಲವೆಂಬ ಅರ್ಥದ ಕನ್ನಡದ 'ತೋಕೆ' ಅದರ ಸೋದರಪದ. ದಿಲ್ಲಿಯ ಗಿರಾಕಿಗೆ ವಿದೇಶೀಯವಾಗಿ ಕೇಳಿಸುವ ಈ ಶಬ್ದ ಕನ್ನಡಿಗನಿಗೆ ಮನೆಯ ಹಸುವಿನ ಹಿಂದೆಯೇ ಸಿಕ್ಕುವಂಥದು.

ದಿಲ್ಲಿಯ ಈ ವ್ಯಾಪಾರ ಮಲೆನಾಡನ್ನೇ ನೆಚ್ಚಿಕೊಳ್ಳಲು ರುಚಿಗಿಂತ ಬಲವಾದ ಕಾರಣವೊಂದಿದೆ. ಹೊರದೇಶದ ಕಾಫಿಯ ಮೇಲೆ ಭಾರತದ ಸಾಮಾನ್ಯ ಆಮದು ಸುಂಕ ನೂರಕ್ಕೆ ನೂರು. ಆಗ್ನೇಯ ಏಷ್ಯದ ಒಪ್ಪಂದದ ರಾಷ್ಟ್ರಗಳಿಗೆ ಮಾತ್ರ ಇದರಲ್ಲಿ ವಿನಾಯಿತಿಯುಂಟು. ಇಥಿಯೋಪಿಯ, ಕೆನ್ಯ, ಪನಾಮಾ ದೇಶಗಳ ಸರಕು ಈ ಗೋಡೆಯನ್ನು ಹತ್ತಿ ಬರುವಷ್ಟರಲ್ಲಿ ಬೆಲೆ ಇಮ್ಮಡಿಯಾಗಿರುತ್ತದೆ. ಲಂಡನ್ನಿನ ಅಥವಾ ಟೋಕಿಯೋದ ಅಂಗಡಿಯಲ್ಲಿ ಕೊಡಗಿನ ಕಾಫಿ ಇಥಿಯೋಪಿಯದ ಕಾಫಿಯೊಡನೆ ಒಂದೇ ಹಲಗೆಯ ಮೇಲೆ ಕುಳಿತು ಸ್ಪರ್ಧಿಸಬೇಕು. ದಿಲ್ಲಿಯಲ್ಲಿ ಆ ಹಲಗೆ ಬಹುಮಟ್ಟಿಗೆ ಅದರದೇ. ಈ ರಕ್ಷಣೆಯಿಂದ ಕನ್ನಡನಾಡಿನ ತೋಟಗಳಿಗೆ ಮನೆಯ ಪೇಟೆಯೊಂದು ದೊರೆತಿದೆ. ಗಿರಾಕಿಗೆ ಹೋಲಿಸಿ ನೋಡುವ ಅವಕಾಶ ತಪ್ಪಿದೆ ಎಂಬುದೂ ನಿಜ. ಹೋಲಿಕೆಯಿಲ್ಲದೆಡೆ ಸಾಧಾರಣವಾದದ್ದೂ ವಿರಳವೆಂದು ಕರೆಸಿಕೊಳ್ಳುವ ಅಪಾಯ ಇದ್ದೇ ಇರುತ್ತದೆ.

ಇನ್ನು ಬೆಲೆಯ ಲೆಕ್ಕ. ಅರಾಬಿಕದ ಸುಮಾರು ಆರು ಕಿಲೋಗ್ರಾಂ ಹಣ್ಣಿನಿಂದ ಒಂದು ಕಿಲೋಗ್ರಾಂ ಹಸಿರು ಬೀಜ ಬರುತ್ತದೆ. ಹುರಿಯುವಾಗ ನೂರಕ್ಕೆ ಹದಿನೈದರಷ್ಟು ತೂಕ ಕಳೆಯುತ್ತದೆ. ಆದ್ದರಿಂದ ೨೫೦ ಗ್ರಾಂ ಹುರಿದ ಬೀಜದ ಪೊಟ್ಟಣವೊಂದಕ್ಕೆ ಸುಮಾರು ೨೯೪ ಗ್ರಾಂ ಹಸಿರು ಬೀಜ, ಅಂದರೆ ಒಂದೂಮುಕ್ಕಾಲು ಕಿಲೋಗ್ರಾಂ ಹಣ್ಣು ಬೇಕು. ಲೆಕ್ಕದ ಅನುಕೂಲಕ್ಕಾಗಿ ಬೆಳೆಗಾರನಿಗೆ ಹಸಿರು ಬೀಜದ ಕಿಲೋಗ್ರಾಮಿಗೆ ೬೦೦ ರೂಪಾಯಿ ಸಿಕ್ಕಿತೆಂದೂ ಪೊಟ್ಟಣ ೭೦೦ ರೂಪಾಯಿಗೆ ಮಾರಿತೆಂದೂ ಇಟ್ಟುಕೊಳ್ಳಬಹುದು. ಆಗ ಪೊಟ್ಟಣದ ಬೆಲೆಯಲ್ಲಿ ತೋಟಕ್ಕೆ ಸೇರಿದ್ದು ೧೭೬ ರೂಪಾಯಿ, ಸರಿಸುಮಾರು ಕಾಲುಭಾಗ. ಅದೇ ಕಾಫಿಯನ್ನು ಅಂಗಡಿಯಲ್ಲಿ ಬಟ್ಟಲಿಗೆ ೧೮ ಗ್ರಾಮಿನಂತೆ ಇಳಿಸಿ ೨೫೦ ರೂಪಾಯಿಗೆ ಕೊಟ್ಟರೆ, ಆ ಬಟ್ಟಲಿನಲ್ಲಿ ಬೆಳೆಗಾರನ ಪಾಲು ಸುಮಾರು ೧೩ ರೂಪಾಯಿ. ಇಪ್ಪತ್ತರಲ್ಲಿ ಒಂದು ಭಾಗ. ಉಳಿದದ್ದು ಬಾಡಿಗೆ, ಸಂಬಳ, ಯಂತ್ರ, ವಿದ್ಯುಚ್ಛಕ್ತಿ, ತೆರಿಗೆ, ಬಡ್ಡಿ, ಮತ್ತು ಉಳಿದರೆ ಲಾಭ. ಖಾನ್ ಮಾರ್ಕೆಟ್ಟಿನಂಥ ಕಡೆಗಳಲ್ಲಿ ಅಂಗಡಿಯ ಬಾಡಿಗೆ ದೇಶದಲ್ಲೇ ಅತಿ ದುಬಾರಿಯಾದವುಗಳಲ್ಲೊಂದು. ಅಲ್ಲಿ ಕುಳಿತು ಕಾಫಿ ಕುಡಿಯುವವನು ಕೊಳ್ಳುವುದು ಮುಖ್ಯವಾಗಿ ಕುರ್ಚಿಯನ್ನು ಎಂದರೆ ತಪ್ಪಾಗದು.

ಈ ಲೆಕ್ಕವನ್ನು ತಿರುಗಿಸಿ ನೋಡಿದಾಗ ಕುತೂಹಲಕರವಾದ ಸಂಗತಿಯೊಂದು ಹೊರಬೀಳುತ್ತದೆ. ಬೆಳೆಗಾರನಿಗೆ ಕೊಡುವ ಬೆಲೆಯನ್ನು ಇಮ್ಮಡಿ ಮಾಡಿ ೧೨೦೦ ರೂಪಾಯಿಗೆ ಏರಿಸಿದರೂ ಅಂಗಡಿಯ ಬಟ್ಟಲಿನ ಬೆಲೆ ಏರಬೇಕಾದದ್ದು ಹದಿಮೂರು ರೂಪಾಯಿಯಷ್ಟೆ. ಕುಡಿಯುವವನು ಅದನ್ನು ಗಮನಿಸುವುದೂ ಸಂದೇಹ. ಪೊಟ್ಟಣದ ಬೆಲೆಯಾದರೋ ೭೦೦ರಿಂದ ೮೭೬ಕ್ಕೆ ನೆಗೆಯುತ್ತದೆ, ಮನೆಯಲ್ಲಿ ಕಾಫಿ ಮಾಡಿಕೊಳ್ಳುವ ಗಿರಾಕಿ ಬೆಚ್ಚುತ್ತಾನೆ. ಹೀಗೆ, ತಾನು ಕೊಟ್ಟ ಹಣದಲ್ಲಿ ತೋಟಕ್ಕೆ ಹೆಚ್ಚಿನ ಪಾಲು ಸಲ್ಲಿಸುವವನೇ ಬೆಲೆಯೇರಿಕೆಗೆ ಹೆಚ್ಚು ಅಂಜುವವನು. ಅತ್ಯಲ್ಪ ಪಾಲು ಸಲ್ಲಿಸುವವನಿಗೆ ಅದರ ಪರಿವೆಯೇ ಇಲ್ಲ. ವಿರಳ ಕಾಫಿಯ ವ್ಯಾಪಾರಿಗಳು ಪೊಟ್ಟಣದಿಂದ ಬಟ್ಟಲಿನ ಕಡೆಗೆ, ಅಂಗಡಿಗಳನ್ನು ಹೆಚ್ಚಿಸುವ ಕಡೆಗೆ ಒಲೆಯುವುದರ ಗುಟ್ಟು ಇದರಲ್ಲಿದೆ. ಅಂಗಡಿಯಲ್ಲಿ ಹಾಲು ಬೆರೆಸಿದ ಪಾನೀಯಗಳಿಗೆ ಅತಿ ಸೂಕ್ಷ್ಮವಾದ ಬೀಜ ಬೇಕಾಗುವುದಿಲ್ಲ, ಹಾಲು ಅದರ ನಯವನ್ನು ಮುಚ್ಚಿಬಿಡುತ್ತದೆ. ಹಲವು ಕಡೆ ವಿರಳ ಕಾಫಿ ಅಂಗಡಿಯ ನಾಮಫಲಕ, ಹಾಲಿನ ಕಾಫಿ ಅದರ ಜೀವನಾಧಾರ.

ಹುರಿಯುವವನ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಅರಾಬಿಕದ ಕೊಯ್ಲು ಚಳಿಗಾಲದಲ್ಲಿ ಮುಗಿಯುತ್ತದೆ. ಹದವಾಗಿ ಒಣಗಿ, ಕ್ಯೂರಿಂಗ್ ಆಗಿ ಸರಕು ದಿಲ್ಲಿಗೆ ಬಂದಿಳಿಯುವುದು ಬೇಸಗೆಯ ಹೊತ್ತಿಗೆ. ಮುಂದಿನ ಫಸಲು ಬರುವತನಕ ಅವನ ಹಣ ಚೀಲಗಳಲ್ಲಿ ಹೂತಿರುತ್ತದೆ. ಬೀಜದ ತೇವಾಂಶ ನೂರಕ್ಕೆ ಹನ್ನೊಂದರ ಆಸುಪಾಸಿನಲ್ಲಿ ನಿಲ್ಲಬೇಕು. ನಲವತ್ತೈದು ಡಿಗ್ರಿಯ ಒಣ ಬಿಸಿಲನ್ನೂ ಅದರ ಬೆನ್ನಿಗೇ ಬರುವ ಮಳೆಗಾಲದ ತೇವವನ್ನೂ ಕಾಣುವ ದಿಲ್ಲಿಯಲ್ಲಿ ಇದು ಸುಲಭಸಾಧ್ಯವಲ್ಲ. ವರ್ಷ ತುಂಬುವಷ್ಟರಲ್ಲಿ ಉತ್ತಮವಾದ ಬೀಜವೂ ತನ್ನ ಕಂಪನ್ನು ಕಳೆದುಕೊಳ್ಳತೊಡಗುತ್ತದೆ. ಮಾರಿಹೋಗದೆ ಉಳಿದ ವಿರಳ ಕಾಫಿ ಸಾಧಾರಣ ಕಾಫಿಯ ಬೆಲೆಗೆ ಇಳಿಯುತ್ತದೆ. ಹಳತಾದಷ್ಟೂ ಬೆಲೆಯೇರುವ ದ್ರಾಕ್ಷಾರಸದೊಡನೆ ಕಾಫಿಯನ್ನು ಹೋಲಿಸುವವರು ಈ ಭೇದವನ್ನು ಮರೆಯುತ್ತಾರೆ.

ಜಗತ್ತಿನ ಅತಿ ದುಬಾರಿ ಕಾಫಿಗಳ ಸುದ್ದಿ ಇಲ್ಲಿ ಸ್ವಲ್ಪ ಬೇಕಾಗುತ್ತದೆ. ಪನಾಮಾ ದೇಶದ ಹರಾಜಿನಲ್ಲಿ ೨೦೦೪ರಲ್ಲಿ ಎಸ್ಮೆರಾಲ್ಡಾ ತೋಟದ ಗೇಷಾ ತಳಿಯ ಕಾಫಿ ಪೌಂಡಿಗೆ ೨೧ ಡಾಲರಿಗೆ ಮಾರಿದಾಗ ಅದು ಬೆರಗಿನ ಮಾತಾಗಿತ್ತು. ೨೦೧೯ರಲ್ಲಿ ಅದೇ ದೇಶದ ಎಲಿಡಾ ತೋಟದ ಕಾಫಿ ಪೌಂಡಿಗೆ ೧೦೨೯ ಡಾಲರ್ ಮುಟ್ಟಿತು. ೨೦೨೫ರಲ್ಲಿ ಎಸ್ಮೆರಾಲ್ಡಾದ ೨೦ ಕಿಲೋಗ್ರಾಮಿನ ರಾಶಿಯೊಂದನ್ನು ದುಬಾಯಿಯ ಅಂಗಡಿಯೊಂದು ಕಿಲೋಗ್ರಾಮಿಗೆ ೩೦,೨೦೪ ಡಾಲರಿನಂತೆ ಕೊಂಡಿತು. ಇಂಥ ಬೆಲೆಯನ್ನು ಕಾಫಿಯ ಬೆಲೆಯೆನ್ನುವುದಕ್ಕಿಂತ ಜಾಹೀರಾತಿನ ಬೆಲೆಯೆನ್ನುವುದು ಮೇಲು. ಇಪ್ಪತ್ತು ಕಿಲೋಗ್ರಾಂ ಕಾಫಿಗೆ ಆರು ಲಕ್ಷ ಡಾಲರ್ ಕೊಟ್ಟವನ ಹೆಸರು ಮರುದಿನ ಲೋಕವೆಲ್ಲ ಹರಡುತ್ತದೆ. ಅಷ್ಟು ಪ್ರಸಿದ್ಧಿಯನ್ನು ಬೇರೆ ಮಾರ್ಗದಿಂದ ಕೊಂಡರೂ ಖರ್ಚು ಕಡಮೆಯಾಗಲಾರದು. ತೋಟಕ್ಕೂ ಲಾಭವಿದೆ, ಏಕೆಂದರೆ ಆ ಇಪ್ಪತ್ತು ಕಿಲೋಗ್ರಾಮಿನ ಬೆಳಕು ಅದರ ಉಳಿದ ಫಸಲಿನ ಮೇಲೆಲ್ಲ ಬೀಳುತ್ತದೆ.

ಹೆಸರಿಗೆ ಇಷ್ಟು ಬೆಲೆಯಿರುವಾಗ ಹೆಸರನ್ನು ಕದಿಯುವವರೂ ಇರುತ್ತಾರೆ. ಹವಾಯಿ ದ್ವೀಪದ ಕೋನಾ ಕಾಫಿಯೆಂದು ಮಧ್ಯ ಅಮೆರಿಕದ ಅಗ್ಗದ ಬೀಜವನ್ನು ವರ್ಷಗಟ್ಟಲೆ ಮಾರಿದ ಕ್ಯಾಲಿಫೋರ್ನಿಯದ ಮೋಸ ೧೯೯೬ರಲ್ಲಿ ಬಯಲಾಯಿತು. ಅಷ್ಟು ಕಾಲವೂ ಕೊಂಡವರ ನಾಲಗೆ ಅದನ್ನು ಹಿಡಿದುಕೊಡಲಿಲ್ಲವೆಂಬುದು ಯೋಚಿಸತಕ್ಕ ಮಾತು. ಭಾರತದಲ್ಲಿ ೨೦೧೯ರಲ್ಲಿ ಕೊಡಗು ಅರಾಬಿಕ, ಚಿಕ್ಕಮಗಳೂರು ಅರಾಬಿಕ, ಬಾಬಾಬುಡನ್‌ಗಿರಿ ಅರಾಬಿಕ ಇವಕ್ಕೆ, ವಯನಾಡು ಮತ್ತು ಅರಕು ಕಣಿವೆಯ ಕಾಫಿಗಳೊಡನೆ, ಭೌಗೋಳಿಕ ಸೂಚಿಯ ಮುದ್ರೆ ದೊರೆಯಿತು. ಸೀಮೆಯ ಹೆಸರು ಇದರಿಂದ ಭದ್ರವಾಯಿತು. ಆದರೆ ದಿಲ್ಲಿಯ ಗಿರಾಕಿ ಹೆಚ್ಚಿನ ಹಣ ಕೊಡುತ್ತಿರುವುದು ಸೀಮೆಯ ಹೆಸರಿಗಲ್ಲ, ತೋಟದ ಹೆಸರಿಗೆ.

ವಿಷಯದ ತಿರುಳು ಇರುವುದು ಇಲ್ಲೇ. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚಿನವು ೧೦ ಹೆಕ್ಟೇರಿಗಿಂತ ಕಿರಿದಾದವು. ಪೊಟ್ಟಣಗಳ ಮೇಲೆ ಕಾಣಿಸುವ ಹೆಸರುಗಳು ಬಹುಮಟ್ಟಿಗೆ ದೊಡ್ಡ ತೋಟಗಳವು. ಅವಕ್ಕೆ ಸ್ವಂತ ಪಲ್ಪರ್ ಇದೆ, ತೊಟ್ಟಿಗಳಿವೆ, ವಿಶಾಲವಾದ ಕಣವಿದೆ, ಒಂದು ರಾಶಿ ಕೆಟ್ಟರೆ ತಡೆದುಕೊಳ್ಳುವ ಶಕ್ತಿಯಿದೆ. ಕೆಡುವುದು ಅಪರೂಪವೇನಲ್ಲ. ಇಡಿಯ ಹಣ್ಣನ್ನು ಎತ್ತರಿಸಿದ ಜಾಲರಿಯ ಮೇಲೆ ಎರಡು ಮೂರು ವಾರ ಒಣಗಿಸುವಾಗ ಅಕಾಲದ ಮಳೆಯೊಂದು ಬಂದರೆ ಸಾಕು. ಹುಳಿಯುವಿಕೆ ಒಂದು ರಾತ್ರಿ ಹೆಚ್ಚಾದರೆ ಸಾಕು. ಮೇಲಾಗಿ ತೋಟದ ಫಸಲೆಲ್ಲ ವಿರಳ ಕಾಫಿಯಾಗುವುದಿಲ್ಲ. ಅದರ ಒಂದಂಶಕ್ಕೆ ಮೇಲಾದ ಬೆಲೆ ಬಂದರೆ ಮಿಕ್ಕದ್ದು ಪೇಟೆಯ ಧಾರಣೆಗೇ ಹೋಗಬೇಕು. ಹಣ್ಣು ಹಣ್ಣಾಗಿ ಆರಿಸಿ ಕೊಯ್ಯುವ ಆಳು ದಿನಕ್ಕೆ ತುಂಬುವ ಬುಟ್ಟಿ ಕಡಮೆ, ಕೂಲಿಯ ಲೆಕ್ಕ ಹೆಚ್ಚು. ಈ ಖರ್ಚನ್ನೆಲ್ಲ ಆ ಒಂದಂಶದ ಮೇಲೆ ಹೇರಿದಾಗ, ಹೊರಗಿನಿಂದ ಇಮ್ಮಡಿಯಾಗಿ ಕಂಡ ಬೆಲೆ ಒಳಗೆ ಅಷ್ಟೇನೂ ದೊಡ್ಡದಾಗಿರುವುದಿಲ್ಲ.

ಪೇಟೆಯ ಧಾರಣೆ ಬಿದ್ದ ಕಾಲದಲ್ಲಿ ಈ ಮಾರ್ಗದ ಗುಣ ಎದ್ದು ಕಾಣುತ್ತದೆ. ೨೦೦೧ರಲ್ಲಿ ನ್ಯೂಯಾರ್ಕಿನಲ್ಲಿ ಅರಾಬಿಕದ ಬೆಲೆ ಪೌಂಡಿಗೆ ಐವತ್ತು ಸೆಂಟಿಗಿಂತ ಕೆಳಗಿಳಿದು ಮಲೆನಾಡಿನ ಅನೇಕ ಮನೆಗಳು ಸಾಲಕ್ಕೆ ಸಿಕ್ಕಿದುವು. ಹೆಸರುಳ್ಳ ಕಾಫಿಗೆ ಬೇರೆ ಬೆಲೆಯುಂಟೆಂಬ ಆಸೆ ಬೆಳೆಗಾರರಲ್ಲಿ ಮೂಡಿದ್ದು ಆ ಕಷ್ಟದ ವರ್ಷಗಳಲ್ಲೇ. ೨೦೨೫ರ ಫೆಬ್ರವರಿಯಲ್ಲಿ ಅದೇ ಪೇಟೆಯಲ್ಲಿ ಬೆಲೆ ನಾಲ್ಕು ಡಾಲರನ್ನು ದಾಟಿತು. ಆಗ ಪ್ರಶ್ನೆ ತಲೆಕೆಳಗಾಯಿತು. ಸಾಧಾರಣ ಪಾರ್ಚ್‌ಮೆಂಟಿಗೇ ಹಿಂದೆಂದೂ ಕಾಣದ ಬೆಲೆ ಬರುತ್ತಿರುವಾಗ ಜಾಲರಿಯ ಮೇಲೆ ಮೂರು ವಾರ ಹಣ್ಣನ್ನು ಕಾಯುವ ತೊಂದರೆ ಏಕೆ? ಕೊಯ್ಲಿಗೆ ಮೊದಲೇ ನಿಗದಿಯಾದ ಬೆಲೆಗೆ ಒಪ್ಪಿಕೊಳ್ಳುವ ಬೆಳೆಗಾರ ಇಂಥ ಏರಿಕೆಯಲ್ಲಿ ನಷ್ಟಪಡುತ್ತಾನೆ. ಪೇಟೆಯ ಧಾರಣೆಯ ಮೇಲೆ ಇಂತಿಷ್ಟು ಹೆಚ್ಚು ಎಂದು ಕರಾರು ಮಾಡಿಕೊಂಡರೆ ದಿಲ್ಲಿಯ ವ್ಯಾಪಾರಿ ತನ್ನ ಪೊಟ್ಟಣದ ಬೆಲೆಯನ್ನು ಏರಿಸಲೇಬೇಕಾಗುತ್ತದೆ. ಎರಡು ಕಡೆಯವರೂ ನೆಮ್ಮದಿಯಿಂದ ಒಪ್ಪುವ ಕರಾರಿನ ರೂಪ ಇನ್ನೂ ಗಟ್ಟಿಯಾಗಿಲ್ಲ.

ಸಣ್ಣ ಹಿಡುವಳಿಗಾರ ಹೆಸರನ್ನು ಪಡೆಯುವ ಬಗೆ ಇಲ್ಲವೆಂದಲ್ಲ. ಕೆನ್ಯ ದೇಶದಲ್ಲಿ ನೂರಾರು ಸಣ್ಣ ರೈತರು ಸಹಕಾರ ಸಂಘದ ಒಂದೇ ಪಲ್ಪಿಂಗ್ ಕೇಂದ್ರಕ್ಕೆ ಹಣ್ಣು ಒಯ್ದು, ಆ ಕೇಂದ್ರದ ಹೆಸರಿನಿಂದಲೇ ಲೋಕದ ಉತ್ತಮ ಬೆಲೆಗಳಲ್ಲೊಂದನ್ನು ಗಳಿಸುತ್ತಾರೆ. ಕನ್ನಡನಾಡಿನಲ್ಲಿಯೂ ಪ್ರಯತ್ನಗಳುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯೂರೋಪಿಯನ್ ಬೆಳೆಗಾರರು ತೆರೆದ ಅತ್ತಿಕಾನ್ ತೋಟವಿರುವ ಬಿಳಿಗಿರಿರಂಗನ ಬೆಟ್ಟದಲ್ಲೇ ಸೋಲಿಗರು ಮನೆಯ ಸುತ್ತ ಕಾಡುಮರಗಳ ನೆರಳಿನಲ್ಲಿ ಕಾಫಿ ಬೆಳೆಯುತ್ತಾರೆ. ಬೆಂಗಳೂರಿನ ಬ್ಲ್ಯಾಕ್ ಬಾಜಾ ಎಂಬ ಸಂಸ್ಥೆ ಅವರ ಕಾಫಿಯನ್ನು ಕೊಂಡು, ಬೆಳೆದವರು ಯಾರೆಂಬುದನ್ನು ಮರೆಮಾಡದೆ ಮಾರುತ್ತ ಬಂದಿದೆ. ಆದರೆ ಮಲೆನಾಡಿನ ಬಹುಸಂಖ್ಯೆಯ ಸಣ್ಣ ಬೆಳೆಗಾರರಿಗೆ ದೊಡ್ಡ ಅಡ್ಡಿ ಒಂದೇ. ಕೊಯ್ಲಿನ ಕೂಲಿಯನ್ನು ವಾರವಾರಕ್ಕೆ ಕೊಡಬೇಕು. ಬೇರ್ಪಡಿಸಿ ಹದಮಾಡಿದ ಕಾಫಿಯ ಹಣ ದಿಲ್ಲಿಯಿಂದ ಬರುವುದು ಬೇಸಗೆಯಲ್ಲಿ. ಊರಿನ ವ್ಯಾಪಾರಿಯಾದರೋ ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ, ಡಿಸೆಂಬರಿನಲ್ಲಿ ತಕ್ಕಡಿಯೊಡನೆ ಬಾಗಿಲಿಗೆ ಬಂದು ಹಣ್ಣನ್ನೋ ಚೆರಿಯನ್ನೋ ಅಂದೇ ತೂಗಿ ಹಣ ಎಣಿಸುತ್ತಾನೆ. ಸಂಜೆಯ ಹೊತ್ತಿಗೆ ಆ ಚೀಲ ಅವನ ಮಳಿಗೆಯಲ್ಲಿ ಊರಿನ ಮಿಕ್ಕೆಲ್ಲ ಚೀಲಗಳೊಡನೆ ಒಂದೇ ರಾಶಿಗೆ ಸುರಿದಿರುತ್ತದೆ.